ತೂಬು ಎತ್ತುತ್ತಿದ್ದ ತಾತ ಮತ್ತು ವಿಷಯ ಸಂಖ್ಯೆ 19

ಅಡುಗೆಮನೆ ಶೆಲ್ಫಿಗೆ ಹಾಸೋಣ ಅಂತ ಹಳೇ ಪೇಪರ್ ತೆಗೆದಿದ್ದೆ. ಒಳಪುಟದ ಮೂಲೆಯಲ್ಲಿ, ಟೆಂಡರ್ ಪ್ರಕಟಣೆಗಳ ನಡುವೆ, ಅಂಗೈ ಅಗಲದ ಒಂದು ಚೌಕ ಕಣ್ಣಿಗೆ ಬಿತ್ತು. ಸಣ್ಣ ಅಕ್ಷರ. ನಮ್ಮ ಊರಿನ ಹೆಸರು, ಎರಡು ಸರ್ವೆ ನಂಬರ್, ವಿಸ್ತೀರ್ಣ ಆರು ಎಕರೆ ಚಿಲ್ಲರೆ. ಕೃಷಿ ವಲಯದಿಂದ ವಸತಿ ವಲಯಕ್ಕೆ ಭೂ ಬಳಕೆ ಬದಲಾವಣೆ ಕೋರಿ ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದವರು 15 ದಿನದೊಳಗೆ ಲಿಖಿತವಾಗಿ ಸಲ್ಲಿಸಬೇಕು ಅಂತ ಬರೆದಿತ್ತು. ಪೇಪರಿನ ತಾರೀಖು ನೋಡಿದೆ. ಆಗಲೇ ಒಂಬತ್ತು ದಿನ ಕಳೆದಿತ್ತು.

ಸರ್ವೆ ನಂಬರ್ ಓದಿದರೆ ಜಾಗ ಯಾವುದು ಅಂತ ಗೊತ್ತಾಗುವುದಿಲ್ಲ. ಊರಿನಲ್ಲಿ ಯಾರನ್ನಾದರೂ ಕೇಳಿ, ಹುಣಸೆಮರದ ಹೊಲ ಅಂದರೆ ಗೊತ್ತು, ಕೋಡಿ ಪಕ್ಕದ ಗದ್ದೆ ಅಂದರೆ ಗೊತ್ತು, ಇಂಥವರ ತೋಟ ಅಂದರೆ ಗೊತ್ತು. ನಂಬರ್ ಹೇಳಿದರೆ ಆ ಜಮೀನಿನ ಪಹಣಿ ಯಾರ ಹೆಸರಲ್ಲಿದೆಯೋ ಅವರಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಾಗಲ್ಲ. ಫೋನಿನಲ್ಲಿ ದಿಶಾಂಕ್ ಆಪ್ ತೆರೆದುಕೊಂಡು ನಮ್ಮ ಬೀದಿಯ ಕೊನೆವರೆಗೂ ನಡೆದುಕೊಂಡು ಹೋದೆ. ನಾವು ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಟಾರು ಮುಗಿದು ಬೇಲಿ ಶುರುವಾಗುವ ಕಡೆ ಅದೇ ನಂಬರ್ ಬಂತು. 2021ರಲ್ಲಿ ನಮ್ಮ ಮನೆಗೆ ನೀರು ನುಗ್ಗಿದ್ದು ಆ ಕಡೆಯಿಂದಲೇ.

ನಮ್ಮದು ಕೋಲಾರ ಜಿಲ್ಲೆ. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲಿಲ್ಲ. ಅದಕ್ಕೇ ಹಿಂದಿನವರು ಕೆರೆ ಕಟ್ಟಿದರು, ಒಂದರ ಕೆಳಗೆ ಒಂದು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗಬೇಕು, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಏರಿ ಅಂದರೆ ಕೆರೆಯ ಕಟ್ಟೆ, ತೂಬು ಅಂದರೆ ಗದ್ದೆಗೆ ನೀರು ಬಿಡುವ ಬಾಗಿಲು, ಕೋಡಿ ಅಂದರೆ ತುಂಬಿ ಹೆಚ್ಚಾದ ನೀರು ಹೊರಗೆ ಹರಿಯುವ ಜಾಗ, ಅಚ್ಚುಕಟ್ಟು ಅಂದರೆ ಕೆರೆ ನೀರು ಉಣ್ಣುವ ಗದ್ದೆಗಳು, ರಾಜಕಾಲುವೆ ಅಂದರೆ ಕೆರೆಯಿಂದ ಕೆರೆಗೆ ಹೋಗುವ ದೊಡ್ಡ ಕಾಲುವೆ. ಈ ಪದಗಳನ್ನು ನಮ್ಮ ಅಜ್ಜಿ ದಿನಾ ಆಡುತ್ತಿದ್ದರು, ನನ್ನ ಶಾಲೆಯ ಮಕ್ಕಳಿಗೆ ನಾನು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಬೇಕು. ಯಾಕೆಂದರೆ ಮಧ್ಯೆ ಎಷ್ಟೋ ವರ್ಷ ಕೆರೆಗಳು ತುಂಬಲೇ ಇಲ್ಲ. ಬೋರು 1200 ಅಡಿ, 1500 ಅಡಿ ಅಂತ ಇಳಿಯುತ್ತಾ ಹೋಯಿತು. ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು, ಹುಡುಗರು ಅಲ್ಲೇ ಕ್ರಿಕೆಟ್ ಆಡಿದರು.

ಆ ಒಣಗಿದ ವರ್ಷಗಳಲ್ಲೇ ನಮ್ಮ ಕಡೆ ಬಡಾವಣೆಗಳು ಎದ್ದದ್ದು. ಮಾಲೂರು, ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿಗಳು ಬಂದವು, ಬೆಂಗಳೂರು ಹತ್ತಿರ ಆಯಿತು, ಜಮೀನಿನ ಬೆಲೆ ಏರಿತು. ನೀರಿಲ್ಲದ ಕಾಲುವೆ ನೋಡಲು ಪೊದೆ ಬೆಳೆದ ಹಳ್ಳದ ಹಾಗಿರುತ್ತದೆ. ಅದಕ್ಕೆ ನಾಲ್ಕು ಟಿಪ್ಪರ್ ಮಣ್ಣು ಸುರಿದರೆ ಯಾರೂ ಕೇಳಲಿಲ್ಲ, ಯಾಕೆಂದರೆ ಅಲ್ಲಿ ನೀರು ಹರಿದದ್ದನ್ನು ನೋಡಿದವರೇ ಕಡಿಮೆ ಆಗಿದ್ದರು.

ನಾವು ಸೈಟ್ ತಗೊಂಡದ್ದು 2012ರಲ್ಲಿ. 30×40. ಇಬ್ಬರ ಸಂಬಳದಲ್ಲಿ ಉಳಿಸಿದ್ದು, ಸೊಸೈಟಿ ಸಾಲ, ನನ್ನ ಎರಡು ಬಳೆ. ರೆವಿನ್ಯೂ ಸೈಟ್, ಅಂದರೆ ಅನುಮೋದನೆ ಇಲ್ಲದೆ ಕೃಷಿ ಜಮೀನನ್ನೇ ತುಂಡು ಮಾಡಿ ಮಾರಿದ್ದು, ಅಂತ ಗೊತ್ತಿತ್ತು, 'ಅಪ್ರೂವಲ್ ಬರ್ತದೆ ಮೇಡಂ, ಫೈಲ್ ಒಳಗಿದೆ' ಅಂದರು, ನಂಬಿದೆವು. ಅನುಮೋದನೆ ಆದ ಬಡಾವಣೆಯ ಸೈಟ್ ನಮ್ಮ ಕೈಗೆ ಎಟುಕುತ್ತಿರಲಿಲ್ಲ, ಅದೂ ನಿಜ. ಮುಂದಿನ ವರ್ಷ ಪಂಚಾಯಿತಿಗಳಲ್ಲಿ ಇ-ಸ್ವತ್ತು, ಅಂದರೆ ಆಸ್ತಿ ದಾಖಲೆಯನ್ನು ಕಂಪ್ಯೂಟರಿನಿಂದ ಕೊಡುವ ವ್ಯವಸ್ಥೆ, ಬಂತು, ನಮೂನೆ 9, ನಮೂನೆ 11 ಬೇಕೆಂದರು, ನಮ್ಮ ಓಡಾಟ ಆಗ ಶುರುವಾದದ್ದು ಇನ್ನೂ ಪೂರ್ತಿ ಮುಗಿದಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆಕ್ಷೇಪಣೆ ಬರೆದ ನಾನು ಹೊರಗೆ ನಿಂತು ಮಾತಾಡುವವಳಲ್ಲ. ನಮ್ಮ ಮನೆ ಇರುವುದೂ ಒಂದು ಕಾಲದ ಗದ್ದೆಯಲ್ಲಿ.

2018ರ ಜೂನಿನಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಸಂಸ್ಕರಿಸಿದ ನೀರು, ಲಕ್ಷ್ಮೀಸಾಗರ ಕೆರೆಗೆ ಬಿತ್ತು. ಕೆ.ಸಿ. ವ್ಯಾಲಿ ಅಂತ ಎಲ್ಲರೂ ಕರೆಯುವುದು ಅದನ್ನೇ. ಆ ನೀರು ಎಷ್ಟು ಶುದ್ಧ ಅನ್ನುವ ಜಗಳ ಬೇರೆ, ಮೂರನೇ ಹಂತದ ಸಂಸ್ಕರಣೆ ಬೇಕು ಅನ್ನುವವರ ಜೊತೆ ನಾನೂ ಇದ್ದೇನೆ. ಆದರೆ ಕೆರೆಯಿಂದ ಕೆರೆಗೆ ನೀರು ಮತ್ತೆ ನಡೆಯತೊಡಗಿದ್ದಂತೂ ಸತ್ಯ. ಅದರ ಮೇಲೆ 2021ರ ನವೆಂಬರ್ ಮಳೆ ಬಂತು. ಜಿಲ್ಲೆಯಲ್ಲಿ ಎಷ್ಟೋ ವರ್ಷ ಬರಿದಾಗಿದ್ದ ಕೆರೆಗಳು ಕೋಡಿ ಹರಿದವು. ಜನ ಬಾಗಿನ ಕೊಟ್ಟರು, ಕೋಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನಾನೂ ಹೋಗಿದ್ದೆ. ನೀರಿನ ಸದ್ದು ಕೇಳಿ ಕಣ್ಣು ತುಂಬಿ ಬಂದಿತ್ತು.

ಮೂರನೇ ರಾತ್ರಿ ಅದೇ ನೀರು ನಮ್ಮ ಮನೆಗೆ ಬಂತು. ಕರೆಂಟ್ ಇರಲಿಲ್ಲ. ಹಿತ್ತಿಲ ಬಾಗಿಲಿಗೆ ಯಾರೋ ಬಡಿಯುತ್ತಿದ್ದಾರೆ ಅಂತ ಎದ್ದೆ. ಟಾರ್ಚ್ ಹಾಕಿ ನೋಡಿದರೆ ಹೊರಗಿಟ್ಟಿದ್ದ ಖಾಲಿ ಸಿಲಿಂಡರ್ ತೇಲಿಕೊಂಡು ಬಂದು ಬಾಗಿಲಿಗೆ ಢಿಕ್ಕಿ ಹೊಡೆಯುತ್ತಿತ್ತು. ಹೊಸ್ತಿಲ ಸಂದಿಯಿಂದ ಕೆಂಪು ನೀರು ನಿಧಾನವಾಗಿ ಒಳಗೆ ಹರಡುತ್ತಿತ್ತು. ರಾಗಿ ಮೂಟೆಯನ್ನು ನಾನೂ ಮಗಳೂ ಎಳೆದು ಮಂಚದ ಮೇಲೆ ಹಾಕುವಷ್ಟರಲ್ಲಿ ಮೂಟೆಯ ಕೆಳಗಿನ ಅರ್ಧ ನೆನೆದಿತ್ತು. ಆ ವಾಸನೆ, ನೆನೆದ ರಾಗಿಯದು, ವಾರಗಟ್ಟಲೆ ಮನೆಯಲ್ಲಿತ್ತು.

ಬೆಳಿಗ್ಗೆ ಬೀದಿಯವರೆಲ್ಲ ರಸ್ತೆಯಲ್ಲಿದ್ದೆವು. ಆಗ ಹಳೇ ಊರಿನ ಕಡೆಯಿಂದ ಒಬ್ಬರು ತಾತ ಕೋಲು ಊರಿಕೊಂಡು ಬಂದರು. ಅವರ ಮನೆತನದವರು ಈ ಕೆರೆಯ ನೀರುಗಂಟಿಗಳು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚುವುದು, ಕಾಲುವೆ ಒಡೆದರೆ ಕಟ್ಟುವುದು ಅವರ ಕೆಲಸ. ತಾತ ಹುಡುಗನಾಗಿದ್ದಾಗಿಂದ ಮಾಡಿದವರು. ಬೀದಿ ಮಧ್ಯೆ ನಿಂತು ಕೋಲಿನಿಂದ ತೋರಿಸಿದರು. 'ಇಗೋ, ಇಲ್ಲಿಂದ ಬಂದದೆ. ಆ ನೀಲಿ ಮನೆ ಅದೆ ನೋಡು ತಾಯಿ, ಅಲ್ಲಿ ತಿರುಗ್ತಿತ್ತು. ನಿಮ್ಮ ಹಿತ್ತಿಲು, ಆಮೇಲೆ ಆ ಟ್ರಾನ್ಸ್‌ಫಾರ್ಮರ್, ಆಮೇಲೆ ಕೆಳಗಿನ ಕೆರೆ.' ಗೋಡೆಗಳ ಮೇಲಿನ ಕೆಸರಿನ ಗೆರೆ ನೋಡಿಕೊಂಡು ನಾನು ಹಿಂದೆಯೇ ನಡೆದೆ. ಅವರು ಹೇಳಿದ ಮನೆಗಳಲ್ಲಿ ಮಾತ್ರ ಗೆರೆ ಮೊಣಕಾಲೆತ್ತರ ಇತ್ತು. ಪಕ್ಕದ ಬೀದಿಯಲ್ಲಿ ಪಾದ ಕೂಡ ನೆನೆದಿರಲಿಲ್ಲ.

ಹಾಗಾಗಿ ಆ ಪ್ರಕಟಣೆ ನೋಡಿದಾಗ ನನಗೆ ಮೊದಲು ನೆನಪಾದದ್ದು ತಾತನ ಕೋಲು.

ಆರು ದಿನ ಇತ್ತು. ಮಾರನೇ ದಿನ ಅರ್ಧ ರಜ ಹಾಕಿ, ಪ್ರಕಟಣೆ ಕೊಟ್ಟ ಯೋಜನಾ ಪ್ರಾಧಿಕಾರದ ಕಚೇರಿಗೆ ಹೋದೆ. ಅಲ್ಲಿ ಗೋಡೆಯ ಮೇಲೆ ಮಾಸ್ಟರ್ ಪ್ಲಾನ್ ನಕ್ಷೆ ಇತ್ತು. ನೋಡಿಲ್ಲದವರು ಒಂದು ಸಲ ನೋಡಿ ಬನ್ನಿ, ನಿಮ್ಮ ಊರಿನದೂ ಇರಬಹುದು. ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಶಾಲೆ ಆಸ್ಪತ್ರೆ ಕಚೇರಿಗಳಿಗೆ ಕೆಂಪು, ಉದ್ಯಾನಕ್ಕೆ ಹಸಿರು, ಕೃಷಿಗೆ ತಿಳಿಹಸಿರು. ಬ್ರೋಕರ್‌ಗಳು 'ಯೆಲ್ಲೋ ಝೋನ್ ಸಾರ್' ಅನ್ನುವುದು ಈ ಬಣ್ಣ ನೋಡಿಕೊಂಡೇ. ತಿಳಿಹಸಿರು ಹಳದಿ ಆದರೆ ಒಂದು ಎಕರೆ ಎಕರೆಯಾಗಿ ಉಳಿಯುವುದಿಲ್ಲ. ನಾನು ಗಣಿತ ಹೇಳಿಕೊಡುವವಳು, ಲೆಕ್ಕ ಹಾಕಿದೆ. ಎಕರೆಗೆ 43,560 ಚದರಡಿ. ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗ ಎಲ್ಲ ಬಿಟ್ಟು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉಳಿಯಿತು ಅಂದುಕೊಂಡರೂ ಸುಮಾರು ಇಪ್ಪತ್ತು ಸೈಟ್ 30×40ರವು ಆಗುತ್ತವೆ. ರಾಗಿ, ಟೊಮೆಟೊ ಬೆಳೆದು ಆ ದುಡ್ಡು ನೋಡಲು ಯಾವ ರೈತನಿಂದಲೂ ಆಗದು.

ಕಾನೂನು ಹೇಳುವುದು ತುಂಬಾ ಕಷ್ಟದ್ದೇನಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಾಸ್ಟರ್ ಪ್ಲಾನ್ ಮಾಡಬೇಕು, ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ಪ್ಲಾನಿನ ಕರಡು ಹೊರಬಂದಾಗ ಜನರಿಗೆ ಅಭಿಪ್ರಾಯ ಹೇಳಲು 60 ದಿನ ಸಿಗುತ್ತದೆ. ಆಮೇಲೆ ಮಧ್ಯದಲ್ಲಿ ಯಾರಾದರೂ ತಮ್ಮ ಜಮೀನಿನ ಬಣ್ಣ ಮಾತ್ರ ಬದಲಾಯಿಸಿ ಅಂತ ಕೇಳಿದರೆ ಅದಕ್ಕೆ ಕಲಂ 14ಎ. ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ಪೇಪರಿನಲ್ಲಿ ಪ್ರಕಟಿಸಬೇಕು, ಆಕ್ಷೇಪಣೆ ಕೇಳಬೇಕು. ಬಡಾವಣೆಯ ನಕ್ಷೆಗೆ ಅನುಮೋದನೆ ಕೊಡುವುದು ಇನ್ನೊಂದು ಕಲಂನಲ್ಲಿ, 17ರಲ್ಲಿ. ಅಲ್ಲಿ ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗಗಳನ್ನು ಬರೆದುಕೊಡಬೇಕು. ಅಂದರೆ ಬಣ್ಣ ಬದಲಾಗುವ ಹೊತ್ತಿನಲ್ಲಿ ಮಾತಾಡದೆ ಇದ್ದರೆ ಆಮೇಲೆ ಮಾತಾಡುವುದೆಲ್ಲ ಮೋರಿ ಎಷ್ಟು ಅಗಲ, ಪಾರ್ಕು ಯಾವ ಮೂಲೆಯಲ್ಲಿ ಅನ್ನುವುದಷ್ಟೇ. ಮೊದಲನೆಯ ಬಾಗಿಲು ಆ ಅಂಗೈ ಅಗಲದ ಪ್ರಕಟಣೆ.

ಗುಮಾಸ್ತರು ಒಳ್ಳೆಯವರು. ಫೈಲ್ ತೋರಿಸಿದರು. ಆದರೆ ಪ್ಲಾನ್ ನಕ್ಷೆಯಲ್ಲಿ ಆ ಆರು ಎಕರೆ ಒಂದೇ ಬಣ್ಣದ ಚೌಕ. ಅದರೊಳಗೆ ಏನೂ ಇಲ್ಲ. ಕಾಲುವೆ ಎಲ್ಲಿ ಅಂತ ಕೇಳಿದೆ. 'ನಮ್ಮ ನಕ್ಷೆಯಲ್ಲಿ ಬಂದಿಲ್ಲ ಮೇಡಂ, ಗ್ರಾಮ ನಕ್ಷೆ ನೋಡಿ' ಅಂದರು. ಗ್ರಾಮ ನಕ್ಷೆ ತೆಗೆಸಿದೆ. ಹಳೆಯ ಸರ್ವೆಯವರ ಕೈಬರಹದ ನಕ್ಷೆ ಅದು, ಅದರಲ್ಲಿ ಎರಡು ಗೆರೆಯ ಹಳ್ಳ ಸ್ಪಷ್ಟವಾಗಿ ಆ ಎರಡೂ ಸರ್ವೆ ನಂಬರ್ ಸೀಳಿಕೊಂಡು ಹೋಗುತ್ತದೆ. ಪಹಣಿಯ ಮೂರನೇ ಕಾಲಂ ನೋಡಿದೆ, ಬಿ ಖರಾಬು ಅಂತ ಕೆಲವು ಗುಂಟೆ ತೋರಿಸಿದ್ದಾರೆ. ಎ ಖರಾಬು ಆದರೆ ಕೃಷಿಗೆ ಬರದ ಜಾಗ. ಬಿ ಖರಾಬು ಹಾಗಲ್ಲ, ದಾರಿ, ಹಳ್ಳ, ಸ್ಮಶಾನ ಇಂಥ ಎಲ್ಲರ ಬಳಕೆಯ ಜಾಗ, ಅದು ಜಮೀನಿನವರದಲ್ಲ, ಮಾರುವ ಹಾಗಿಲ್ಲ. ಎಲ್ಲವೂ ಸರ್ಕಾರದ ಕಾಗದದಲ್ಲೇ ಇದೆ. ಒಂದು ಕಾಗದ ಇನ್ನೊಂದು ಕಾಗದದ ಪಕ್ಕ ಬಂದು ಕೂತಿರಲಿಲ್ಲ, ಅಷ್ಟೇ.

ಆಕ್ಷೇಪಣೆಯನ್ನು ಎರಡು ಪುಟದಲ್ಲಿ ಬರೆದೆ. ಮನೆ ಕಟ್ಟಬೇಡಿ ಅಂತ ಬರೆಯಲಿಲ್ಲ. ಕಾಲುವೆ ಹೋಗುವ ಭಾಗವನ್ನೂ ಅದರ ಎರಡು ಬದಿಯನ್ನೂ ಈಗಿರುವ ಹಾಗೆ ಬಿಡಿ, ಬಣ್ಣ ಬದಲಾಯಿಸುವ ಮೊದಲು ಸ್ಥಳಕ್ಕೆ ಬಂದು ಅಳೆಯಿರಿ, ಅಂತ. ಬೀದಿಯ ಹದಿನಾಲ್ಕು ಮನೆಯವರು ಸಹಿ ಹಾಕಿದರು. ಮೂರು ಮನೆಯವರು ಹಾಕಲಿಲ್ಲ. ನಮ್ಮ ಬೀದಿಯ ಹಿಂದೆ ಬಡಾವಣೆ ಬಂದರೆ ನಮ್ಮ ರಸ್ತೆ ದೊಡ್ಡದಾಗುತ್ತದೆ, ಸೈಟಿಗೂ ರೇಟ್ ಬರುತ್ತದೆ ಅಂದರು. ಅವರ ಆಸೆ ನನಗೆ ಅರ್ಥವಾಗುತ್ತದೆ.

ಹದಿನಾಲ್ಕನೇ ದಿನ ಕಚೇರಿಯಲ್ಲಿ ಕೊಟ್ಟು, ಸ್ವೀಕೃತಿ ಸೀಲ್ ಹಾಕಿಸಿಕೊಂಡೆ. ಹದಿನೈದನೇ ದಿನ ಸಂಜೆ ಜಮೀನಿನವರೇ ಮನೆಗೆ ಬಂದರು.

ಜಗಳಕ್ಕೆ ಬಂದವರಲ್ಲ. ಜಗುಲಿಯ ಮೇಲೆ ಕೂತು ನೀರು ಕೇಳಿ ಕುಡಿದರು. ಮೂರು ಬೋರು ಕೊರೆಸಿದ್ದಾರೆ, ಎರಡು ಬತ್ತಿವೆ. ಟೊಮೆಟೊ ಒಂದು ವರ್ಷ ಕೈ ಹಿಡಿದರೆ ಎರಡು ವರ್ಷ ಮಂಡಿಯ ಬಾಗಿಲಲ್ಲೇ ಸುರಿದು ಬರಬೇಕು. ಮಗ ನರಸಾಪುರದಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ, ಹೊಲಕ್ಕೆ ಕಾಲಿಡುವುದಿಲ್ಲ. 'ನಿಮಗೆ ಮನೆ ಅದೆ ಟೀಚರಮ್ಮ, ನನಗೆ ಸಾಲ ಅದೆ. ನಾನು ಮಾರ್ಕೊಂಡರೆ ನಿಮಗೇನು ಕಷ್ಟ?' ಅಂದರು. ಅವರ ಕೈಯ ಬೆರಳುಗಳ ಸಂದಿಯಲ್ಲಿ ಟೊಮೆಟೊ ಗಿಡದ ಹಸಿರು ಕರೆ ಇನ್ನೂ ಇತ್ತು. ತೊಳೆದರೆ ಹೋಗದ ಕರೆ ಅದು, ನಮ್ಮಪ್ಪನ ಕೈಯಲ್ಲೂ ನೋಡಿದ್ದೇನೆ.

ನನಗೆ ಆ ಪ್ರಶ್ನೆಗೆ ಥಟ್ಟನೆ ಉತ್ತರ ಬರಲಿಲ್ಲ. ಹೊಲವನ್ನು ಹೊಲವಾಗಿಯೇ ಇಟ್ಟುಕೊಳ್ಳಿ ಅಂತ ಅವರಿಗೆ ಹೇಳುವ ಹಕ್ಕು ನನಗೆ ಎಲ್ಲಿದೆ? 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಅವರು ಮಾರದೆ ಇದ್ದರೆ ಪಕ್ಕದವರು ಮಾರುತ್ತಾರೆ. ಮತ್ತೆ ಮನೆಗಳು ಬೇಡವಾ? ಬೇಕು. ಫ್ಯಾಕ್ಟರಿಗೆ ಹೋಗುವ ಹೆಣ್ಣುಮಕ್ಕಳು ಒಂದು ರೂಮಿನಲ್ಲಿ ಆರು ಜನ ಇರುವುದನ್ನು ನಾನೇ ನೋಡಿದ್ದೇನೆ, ಅವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿನಿಯರು. ಅವರಿಗೆ ಬಾಡಿಗೆ ಕಟ್ಟಲು ಆಗುವಂಥ ಮನೆ ಎಲ್ಲೋ ಒಂದು ಕಡೆ ಆಗಲೇಬೇಕು.

ಗ್ರಾಮ ನಕ್ಷೆಯನ್ನು ಜಗುಲಿಯ ಮೇಲೆ ಹರಡಿದೆ. ನಾನು ಕೇಳುತ್ತಿರುವುದು ಈ ಎರಡು ಗೆರೆಯ ಜಾಗ ಮತ್ತು ಅದರ ಬದಿ ಅಂತ ಬೆರಳಿಟ್ಟು ತೋರಿಸಿದೆ. ಅವರು ತುಂಬಾ ಹೊತ್ತು ನೋಡಿದರು. 'ಇದು ನಮ್ಮಪ್ಪನ ಕಾಲದಲ್ಲಿ ಹರೀತಿತ್ತು' ಅಂದರು. ನಿಮ್ಮಿಂದ ಸೈಟ್ ತಗೊಳ್ಳುವವರು ನನ್ನ ಹಾಗೆ ಬಳೆ ಅಡ ಇಟ್ಟು ಬರುವವರು, ಅವರ ಮನೆಯ ರಾಗಿ ನೆನೆಯಬಾರದು ಅಣ್ಣ, ಅಂತ ನಾನಂದೆ. ಅವರು ಒಪ್ಪಿದೆ ಅನ್ನಲಿಲ್ಲ. ಲೋಟ ಕೆಳಗಿಟ್ಟು ಎದ್ದು ಹೋದರು.

ಎರಡು ತಿಂಗಳ ಮೇಲೆ ಸಭೆಗೆ ಪತ್ರ ಬಂತು. ಉದ್ದದ ಮೇಜು, ಹೆಸರಿನ ಫಲಕಗಳು, ಗಾಜಿನ ಲೋಟದ ಮೇಲೆ ಮುಚ್ಚಳ. ಒಟ್ಟು 34 ವಿಷಯ, ನಮ್ಮದು 19. ಕಾಯುತ್ತಾ ಕೂತಾಗ ಉಳಿದವನ್ನೂ ಕೇಳಿಸಿಕೊಂಡೆ. ಹೆದ್ದಾರಿ ಬದಿಯಲ್ಲಿ ಪೆಟ್ರೋಲ್ ಬಂಕಿಗೆ ವಾಣಿಜ್ಯ ವಲಯ ಬೇಕು. ಕಲ್ಯಾಣ ಮಂಟಪಕ್ಕೆ ಪಾರ್ಕಿಂಗ್ ಸಾಲದು ಅಂತ ಒಂದು ವಾಪಸ್. ಒಂದು ಬಡಾವಣೆಯವರು ಚರಂಡಿ, ಕರೆಂಟ್ ಕೆಲಸ ಮುಗಿಸಿದ್ದೇವೆ, ಉಳಿದ ಸೈಟ್ ಬಿಡುಗಡೆ ಮಾಡಿ ಅನ್ನುತ್ತಿದ್ದರು, ಎಂಜಿನಿಯರ್ ಇನ್ನೂ ಓವರ್‌ಹೆಡ್ ಟ್ಯಾಂಕ್ ಆಗಿಲ್ಲ ಅಂತ ಫೋಟೋ ತೋರಿಸಿದರು. ಒಂದೊಂದಕ್ಕೆ ಮೂರು ನಿಮಿಷ, ನಾಲ್ಕು ನಿಮಿಷ. ಕೆಲಸ ಮಾಡುವವರು ಮಾಡುತ್ತಿದ್ದರು, ಅದನ್ನು ಹೇಳಲೇಬೇಕು. ಆದರೆ ಮೂರು ನಿಮಿಷದಲ್ಲಿ ಒಂದು ಆರು ಎಕರೆಯ ಇಳಿಜಾರು ಯಾವ ಕಡೆಗಿದೆ ಅಂತ ಕೇಳುವುದಕ್ಕೇ ಹೊತ್ತು ಇರುವುದಿಲ್ಲ. ಅಲ್ಲಿ ಎಲ್ಲವೂ ಸರ್ವೆ ನಂಬರ್ ಮತ್ತು ಬಣ್ಣ. ನೀರು ಹರಿಯುವುದು ಇಳಿಜಾರು ನೋಡಿಕೊಂಡು. ಆ ಇಳಿಜಾರನ್ನು ಐವತ್ತು ವರ್ಷ ಕಾಲಲ್ಲಿ ನಡೆದು ಕಲಿತವರು ಒಬ್ಬರು ನಮ್ಮ ಊರಿನಲ್ಲಿ ಇನ್ನೂ ಬದುಕಿದ್ದಾರೆ, ಅವರನ್ನು ಕರೆಯಬೇಕು ಅಂತ ಯಾವ ಕಲಂನಲ್ಲೂ ಬರೆದಿಲ್ಲ. ನನಗೆ ಬೇಜಾರಾದದ್ದು ಅಲ್ಲಿ.

ನಮ್ಮ ವಿಷಯ ಬಂದಾಗ ಸದಸ್ಯರೊಬ್ಬರು, 'ಮೇಡಂ, ನಿಮ್ಮ ಮನೆ ಇರೋದೂ ಗದ್ದೆಯಲ್ಲೇ ಅಲ್ವಾ?' ಅಂದರು. ಹೌದು ಅಂದೆ. ಅದಕ್ಕೇ ಬಂದಿದ್ದೇನೆ ಅಂದೆ. 2021ರ ಫೋಟೋಗಳನ್ನು ಮೇಜಿನ ಮೇಲಿಟ್ಟೆ, ಪಕ್ಕದಲ್ಲಿ ಗ್ರಾಮ ನಕ್ಷೆ, ಅದರ ಪಕ್ಕ ಪಹಣಿ. ಗಂಟಲು ಸ್ವಲ್ಪ ನಡುಗಿತು. ಬಿ ಖರಾಬು ಯಾರದು ಅಂತ ಅಧ್ಯಕ್ಷರು ಕೇಳಿದರು, ಪಕ್ಕದಲ್ಲಿದ್ದ ಅಧಿಕಾರಿ ಸರ್ಕಾರದ್ದು ಸಾರ್ ಅಂದರು. ಕೊನೆಗೆ ಬರೆಸಿದ್ದು: ಜಂಟಿ ಸ್ಥಳ ಪರಿಶೀಲನೆ ಮಾಡಿ ಮುಂದಿನ ಸಭೆಗೆ ಮಂಡಿಸುವುದು. ಹೊರಗೆ ಬಂದಾಗ ಜಮೀನಿನವರು ಮರದ ಕೆಳಗೆ ನಿಂತಿದ್ದರು. ನನ್ನನ್ನು ನೋಡಿ ತಲೆ ಆಡಿಸಿದರು, ಮಾತಾಡಲಿಲ್ಲ.

ಪರಿಶೀಲನೆಯ ದಿನ ಬೆಳಿಗ್ಗೆಯೇ ಆಟೋ ಮಾಡಿಕೊಂಡು ಹೋಗಿ ತಾತನನ್ನು ಕರೆದುಕೊಂಡು ಬಂದೆ. ಸರ್ವೆಯರ್ ಹುಡುಗ, ಇಪ್ಪತ್ತೈದು ಇರಬಹುದು, ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ ಯಂತ್ರ ಹೊಂದಿಸುತ್ತಿದ್ದ. ಹಳ್ಳದ ಗುರುತು ಅರ್ಧ ಸಿಗುತ್ತಿತ್ತು, ಅರ್ಧ ಉತ್ತು ಸಮ ಮಾಡಿ ಟೊಮೆಟೊ ಹಾಕಿದ್ದರು. ಹುಡುಗನಿಗೆ ನಕ್ಷೆಯ ಗೆರೆ ನೆಲಕ್ಕೆ ಕೂರುತ್ತಿರಲಿಲ್ಲ. ತಾತ ಚಪ್ಪಲಿ ಬಿಟ್ಟರು. ಬರಿಗಾಲಲ್ಲಿ ಟೊಮೆಟೊ ಸಾಲುಗಳ ಮಧ್ಯೆ ನಡೆದು ಹೋಗಿ, ಕೋಲಿನಿಂದ ಒಂದು ಕಡೆ ಕೆದಕಿದರು. ಗೇಣುದ್ದ ಕೆಂಪು ಮಣ್ಣಿನ ಕೆಳಗೆ ಸಣ್ಣ ಮರಳು ಬಂತು. ಇನ್ನೂ ಹತ್ತು ಹೆಜ್ಜೆ ಹೋಗಿ ಕೆದಕಿದರು, ಅಲ್ಲೂ ಮರಳು. ಎರಡು ಮಾರು ಪಕ್ಕಕ್ಕೆ ಬಂದು ಕೆದಕಿದರು, ಬರೀ ಕೆಂಪು ಮಣ್ಣು. 'ಇಲ್ಲಿವರೆಗೆ' ಅಂದರು.

ಸರ್ವೆಯರ್ ಹುಡುಗ ಯಂತ್ರ ಬಿಟ್ಟು ಗೂಟದ ಚೀಲ ಹಿಡಿದುಕೊಂಡು ಅವರ ಹಿಂದೆ ನಡೆದ. ತಾತ ತೋರಿಸಿದ ಕಡೆ ಗೂಟ ಹೊಡೆದು, ಆಮೇಲೆ ಯಂತ್ರದಿಂದ ಅಳೆದ. ಗ್ರಾಮ ನಕ್ಷೆಯ ಗೆರೆಗೂ ಗೂಟಗಳಿಗೂ ಹೆಚ್ಚು ವ್ಯತ್ಯಾಸ ಬರಲಿಲ್ಲ. ಜಮೀನಿನವರು ಬದುವಿನ ಮೇಲೆ ನಿಂತು ನೋಡುತ್ತಿದ್ದವರು, ಮೂರನೇ ಗೂಟಕ್ಕೆ ತಾವೇ ಇಳಿದು ಬಂದು ಟೊಮೆಟೊ ಬಳ್ಳಿ ಎತ್ತಿ ಹಿಡಿದರು, ಗೂಟ ಹೊಡೆಯುವಾಗ ಗಿಡ ಮುರಿಯದಿರಲಿ ಅಂತ.

'ತಾತ, ಇದು ಎಷ್ಟು ಅಗಲ ಇತ್ತು?' ಅಂತ ಹುಡುಗ ಪೆನ್ನು ಹಿಡಿದು ಕೇಳಿದ. ತಾತ ಸ್ವಲ್ಪ ಯೋಚನೆ ಮಾಡಿದರು. 'ಆ ಕಡೆ ದಡದಿಂದ ನಮ್ಮಪ್ಪ, ಈ ಕಡೆಯಿಂದ ನಾನು. ಮಧ್ಯೆ ಜೋಡಿ ಎತ್ತು ಮೈ ತೊಳೀತಿದ್ವಿ. ನಮ್ಮ ಕೈ ಎತ್ತಿನ ಬೆನ್ನಿಗೆ ಎಟುಕ್ತಿತ್ತು' ಅಂದರು. ಹುಡುಗ ಅದನ್ನೂ ಬರೆದುಕೊಂಡ.

ವರದಿ ಹೋಗಿದೆ. ಮುಂದಿನ ಸಭೆಯ ತಾರೀಖು ಇನ್ನೂ ಬಂದಿಲ್ಲ. ಅಲ್ಲಿ ಒಪ್ಪಿದರೂ ಫೈಲ್ ಬೆಂಗಳೂರಿಗೆ, ಸರ್ಕಾರದ ಒಪ್ಪಿಗೆಗೆ ಹೋಗಬೇಕು. ಈಗ ಮನೆಗೆ ಎರಡು ಪೇಪರ್ ತರಿಸುತ್ತೇನೆ, ಒಳಪುಟದಿಂದ ಓದುತ್ತೇನೆ. ಮೊನ್ನೆ ಇನ್ನೊಂದು ಪ್ರಕಟಣೆ ಬಂದಿದೆ, ಕೆಳಗಿನ ಕೆರೆಯ ಹತ್ತಿರದ ಒಂದು ಸರ್ವೆ ನಂಬರ್, ಎರಡು ಎಕರೆ. ಈ ಸಲ ಹದಿನೈದು ದಿನವೂ ಕೈಯಲ್ಲಿದೆ. ಭಾನುವಾರ ಆಟೋ ಹೇಳಿದ್ದೇನೆ, ಬಿಸಿಲೇರುವ ಮುಂಚೆ ಬಾ ತಾಯಿ ಅಂದಿದ್ದಾರೆ ತಾತ.